ಊರಿನ ಹೆಸರಿಗೆ ನಿಂತ ಪ್ಲೇಟು

ನಾನು ಪದವನ್ನು ಬಾಲದ ಕಡೆಯಿಂದ ಹಾಡುತ್ತೇನೆ ಎಂದು ಹುಕ್ಕೇರಿ ಸುತ್ತಿನ ಜನ ನಗುತ್ತಾರೆ. ಗೀಗೀ ಪದದಲ್ಲಿ ಕೊನೆಯ ನುಡಿ ಎಂದರೆ ಹೆಸರಿನ ನುಡಿ. ಊರು ಯಾವುದು, ಗುರು ಯಾರು, ಪದ ಕಟ್ಟಿದವರು ಯಾರು ಎಂದು ಅಲ್ಲಿ ಹೇಳಿ, ಬಾರಿಸುವ ದಪ್ಪು ಕೆಳಗಿಡಬೇಕು. ಎಲ್ಲ ಮೇಳಗಳ ರೂಢಿ ಅದು. ಹೆಸರಿಲ್ಲದೆ ಮುಗಿದ ಪದವನ್ನು ಯಾರು ಬೇಕಾದರೂ ತಮ್ಮದೆಂದು ಎತ್ತಿಕೊಂಡು ಹೋಗಬಹುದು. ನಾನು ಮಾತ್ರ ಆ ನುಡಿಯನ್ನು ಮೊದಲೇ ಹಾಡಿ ಮುಗಿಸಿ ಆಮೇಲೆ ಕಥೆಗೆ ಇಳಿಯುತ್ತೇನೆ. "ಊಟಕ್ಕ ಕುಂತ ಕೂಡಲೆ ಎಲಿ ಅಡಕಿ ಹಾಕ್ಕೊಂಡಂಗಾತು ನಿಂದು" ಎಂದು ಯಮಕನಮರಡಿಯಲ್ಲಿ ಒಬ್ಬರು ಸಭೆಯಲ್ಲೇ ಕೂಗಿದ್ದರು.

ಯಾಕೆ ಹೀಗೆ ಎಂದು ಕೇಳಿದವರಿಗೆ ಮರೆವಿನ ನೆಪ ಹೇಳುತ್ತೇನೆ. ನಲವತ್ತು ದಾಟಿತು, ಕೊನೆ ಮುಟ್ಟುವಷ್ಟರಲ್ಲಿ ಮರೆತು ಹೋದರೆ ಗತಿಯೇನು ಎನ್ನುತ್ತೇನೆ. ನನ್ನನ್ನು ಬಲ್ಲವರು ತಕ್ಷಣ ನಂಬುತ್ತಾರೆ. ಬಸ್ಸು ಹತ್ತುವ ಮೊದಲೇ ಇಳಿಯುವ ಚಿಂತೆ ಹಚ್ಚಿಕೊಳ್ಳುವವನು ನಾನು. ಆದರೆ ಖರೆ ಕಾರಣ ಬೇರೆ. ಅದು ಒಂದು ಗ್ರಾಮೋಫೋನ್ ಪ್ಲೇಟು.

ಹಾಡುಗಾರರನ್ನು ಯಾರಾದರೂ ಮಾತಾಡಿಸಿದರೆ, ತಾಯಿ ಬೀಸುವಾಗ ಹಾಡುತ್ತಿದ್ದಳು, ಅಲ್ಲಿಂದ ಕಲಿತೆ ಎನ್ನುತ್ತಾರೆ. ನಮ್ಮವ್ವ ಬೀಸುವಾಗ ಹಾಡುತ್ತಿರಲಿಲ್ಲ, ನಮ್ಮಪ್ಪನನ್ನು ಬೈಯುತ್ತಿದ್ದಳು. ಆದರೆ ತಾಳ ಬಿಟ್ಟು ಬೈದವಳಲ್ಲ. ಕಲ್ಲು ಒಂದು ಸುತ್ತು ಬರುವುದಕ್ಕೂ ಬೈಗುಳ ಒಂದು ಸುತ್ತು ಬರುವುದಕ್ಕೂ ಸರಿ ಹೊಂದುತ್ತಿತ್ತು. ಅಪ್ಪ ಮಠದ ಭಜನೆಗೆ ಹೋಗುವವನು. ಏಕತಾರಿ ಹಿಡಿದು ವಚನ ಹಾಡುವಾಗ ಅವನ ಕಣ್ಣು ಮುಚ್ಚಿರುತ್ತಿದ್ದವು. ಅವ್ವ ಬೈಯುವಾಗಲೂ ಮುಚ್ಚಿರುತ್ತಿದ್ದವು. ನಮ್ಮ ಯಮಕನಮರಡಿ ಹೆದ್ದಾರಿಯ ಮೇಲಿನ ಊರು. ನಿಪ್ಪಾಣಿಗೆ ತಂಬಾಕು ಹೇರಿಕೊಂಡು ಹೋಗುವ ಗಾಡಿಗಳು ರಸ್ತೆ ಬದಿಗೆ ನಿಲ್ಲುತ್ತಿದ್ದವು, ಗಾಡಿಯವರು ಮರಾಠಿ ಲಾವಣಿ ಹಾಡುತ್ತಿದ್ದರು. ಅರ್ಥ ತಿಳಿಯದಿದ್ದರೂ ಎಲ್ಲಿ ನಗಬೇಕು ಎಂಬುದು ತಿಳಿಯುತ್ತಿತ್ತು. ನನ್ನ ಸಂಗೀತದ ಬಂಡವಾಳ ಇಷ್ಟೇ: ಒಂದು ಬೈಗುಳ, ಒಂದು ಭಜನೆ, ಅರ್ಥವಾಗದ ಒಂದು ಲಾವಣಿ.

ಸ್ವಾತಂತ್ರ್ಯ ಬಂದ ಮರುವರ್ಷ ಗೋಕಾಕ ಫಾಲ್ಸಿನ ಗಿರಣಿಗೆ ಸೇರಿದೆ. ನೂಲುವ ಖಾತೆಯ ಸದ್ದಿನಲ್ಲಿ ಎದುರಿನವರು ಬಾಯಿ ತೆರೆದರೆ ಆಕಳಿಸಿದರೋ ಕರೆದರೋ ಗೊತ್ತಾಗುತ್ತಿರಲಿಲ್ಲ. ನಾನು ಪಾಳಿ ತುಂಬಾ ಹಾಡುತ್ತಿದ್ದೆ. ಯಾರಿಗೂ ಕೇಳುತ್ತಿರಲಿಲ್ಲ, ನನಗೂ ಕೇಳುತ್ತಿರಲಿಲ್ಲ. ಗಂಟಲು ನಡುಗುವುದರಿಂದ ಹಾಡುತ್ತಿದ್ದೇನೆಂದು ತಿಳಿದುಕೊಳ್ಳುತ್ತಿದ್ದೆ. ತಪ್ಪಾದರೆ ಎಂಬ ಹೆದರಿಕೆ ಇಲ್ಲದೆ ನಾನು ಹಾಡಿದ ಜಾಗ ಅದೊಂದೇ. ಅಲ್ಲೇ ಪದ ಕಟ್ಟಲು ಶುರು ಮಾಡಿದೆ. ಮಶೀನು ಹಾಕುವ ತಾಳಕ್ಕೆ ಮಾತು ಕೂಡಿಸುವುದು. ಹೊರಗೆ ಬಂದು ಅದನ್ನೇ ಹಾಡಿದಾಗ ಚಾಳಿನವರು ಕಿವಿ ಮುಚ್ಚಿಕೊಂಡರು. "ಸಂತ್ಯಾಗ ಎಮ್ಮಿ ಕಳಕೊಂಡವರು ಹಿಂಗ ಒದರ್ತಾರ" ಎಂದರು. ನನ್ನ ದನಿ ದೊಡ್ಡದೆಂದು ತಿಳಿದದ್ದು ಆಗಲೇ.

ದೊಡ್ಡ ದನಿಗೆ ದಪ್ಪು ಬೇಕು. ಹಳೆಯದೊಂದು ಸಿಕ್ಕಿತು, ತೊಗಲು ಹರಿದಿತ್ತು. ಮೂಡಲಗಿಯಲ್ಲಿ ಚೆನ್ನಾಗಿ ತೊಗಲು ಹಾಕುತ್ತಾರೆಂದು ಕೇಳಿ ಸೂಟಿಯ ದಿನ ಅಲ್ಲಿಗೆ ಹೋದೆ. ಊರ ಹೊರಗಿನ ಕೇರಿಯಲ್ಲಿ ಒಂದು ಗುಡಿಸಲ ಮುಂದೆ ಆಡಿನ ತೊಗಲು ಬಿಸಿಲಿಗೆ ಬಿಗಿದು ನಿಂತಿತ್ತು. ಅದರ ಪಕ್ಕದಲ್ಲಿ ಕುಳಿತಿದ್ದವರು ನನ್ನ ದಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನನ್ನೂ ಹಾಗೆಯೇ ನೋಡಿದರು.

"ಇದಕ್ಕ ತೊಗಲ ಹಾಕತೇನಿ. ನಿಮಗ ಬಾರಸಾಕ ಬರತೈತೇನ್ರಿ?"

"ಇಲ್ಲ," ಎಂದೆ.

"ಹಂಗಾರ ಯಾಕ? ಜ್ವಾಳಾ ಕೇರಾಕ?"

ಅವರೇ ನನ್ನ ಗುರುಗಳಾದರು. ಒಂದು ಕಾಲಕ್ಕೆ ಹರದೇಶಿ ಮೇಳ ಕಟ್ಟಿ ಹಾಡಿದವರು. ಗಂಡು ಹೆಚ್ಚೆಂದು ವಾದಿಸುವ ಮೇಳ ಹರದೇಶಿ, ಹೆಣ್ಣು ಹೆಚ್ಚೆಂದು ತಿರುಗಿ ಹಾಡುವುದು ನಾಗೇಶಿ. ಗುರುಗಳ ದನಿ ಹೋಗಿ ಬಹಳ ವರ್ಷವಾಗಿತ್ತು. ಕೆಮ್ಮಿನ ನಡುವೆ ಸಂದು ಸಿಕ್ಕಾಗ ಒಂದೊಂದು ಸಾಲು ಹೇಳಿಕೊಡುತ್ತಿದ್ದರು. ಮೊದಮೊದಲು ನನಗೆ "ರೀ" ಹಚ್ಚುತ್ತಿದ್ದರು. ನಾನು ಬೇಡ ಬೇಡವೆಂದ ಮೇಲೆ "ಗಿರಣಿ ಸಾವ್ಕಾರ" ಎಂದು ಏಕವಚನಕ್ಕೆ ಇಳಿದರು. ಹರಿದ ಅಂಗಿಯ ನಾನು ಯಾವ ಗಿರಣಿಗೆ ಸಾವುಕಾರನೋ! ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಅದೂ ಹೆಚ್ಚೆನಿಸಿತ್ತು. "ಪದಾ ಬೇಕಾದ್ರ ಕಲಿ. ಹೆಸರಿನ ನುಡ್ಯಾಗ ಆ ಹೆಸರ ಒದರಬ್ಯಾಡ. ಮಠದಾಗ ಮಾರಿ ತೋರಸೂದು ಐತಿ ನನಗ" ಎಂದು ಅಪ್ಪ ಕಣ್ಣು ತೆರೆದೇ ಹೇಳಿದ್ದ.

ಆದರೆ ಪದದಲ್ಲಿ ಗುರುವಿನ ಹೆಸರು ಬರಲೇಬೇಕು. ಹಾಡಿದೆ. ಘಟಪ್ರಭೆಯ ಆಚೆ ಈಚೆ ಎಲ್ಲ ಊರುಗಳಲ್ಲಿ ಆ ಹೆಸರನ್ನು ಪೂರ್ತಿಯಾಗಿ ಹಾಡಿದೆ. ಇಲ್ಲಿ ಬರೆಯುವುದಿಲ್ಲ. ಅದು ದಪ್ಪಿನ ಮೇಲೆ ಬರಬೇಕಾದ ಹೆಸರು. ಕಾಗದದ ಮೇಲೆ ಸುಮ್ಮನೆ ಕೂತರೆ ಯಾರದೋ ಹೆಸರಿನಂತೆ ಕಾಣುತ್ತದೆ.

ಒಂದು ಹೋಳಿ ಹುಣ್ಣಿಮೆಗೆ ಹುಕ್ಕೇರಿಯಲ್ಲಿ ನಮ್ಮ ಮೇಳಕ್ಕೂ ಒಬ್ಬ ಅಕ್ಕನ ನಾಗೇಶಿ ಮೇಳಕ್ಕೂ ಸವಾಲು ಬಿತ್ತು. ಕೇಳಲು ಬಂದವರಲ್ಲಿ ಕರಿ ಟೊಪ್ಪಿಗೆಯ ಒಬ್ಬರು ಏಜೆಂಟರಿದ್ದರು. ಪ್ಲೇಟು ಮಾಡುವ ಕಂಪನಿಗೆ ಹಾಡುಗಾರರನ್ನು ಹುಡುಕಿಕೊಡುವುದು ಅವರ ಕೆಲಸ. ಪ್ಲೇಟಿನ ಒಂದು ಬಾಜೂ ನನ್ನ ಸವಾಲು, ಇನ್ನೊಂದು ಬಾಜೂ ಅಕ್ಕನ ಜವಾಬು ಎಂದು ಗೊತ್ತು ಮಾಡಿದರು. ಮಳೆಗಾಲದಲ್ಲಿ ಹುಬ್ಬಳ್ಳಿಗೆ ಬರಬೇಕು, ಪದ ಮೂರು ನಿಮಿಷದೊಳಗೆ ಇರಬೇಕು ಎಂದು ಹೇಳಿ ಹೋದರು.

ಸುದ್ದಿ ಹೇಳಲು ಮೂಡಲಗಿಗೆ ಹೋದೆ. ಗುರುಗಳು ತೊಗಲು ಕೆರೆಯುವುದನ್ನು ನಿಲ್ಲಿಸಿದರು.

"ಪ್ಲೇಟ ಅಂದ್ರ ಹೊಟೇಲಿನ್ಯಾಗ ಹಚ್ತಾರಲ್ಲ, ಅದೇನು?"

"ಹೌದ್ರಿ ಕಾಕಾ."

"ಹೆಸರಿನ ನುಡಿನೂ ಅದರಾಗ ಬರತೈತಿ?"

"ಬರತೈತ್ರಿ."

ಮೂಡಲಗಿಯ ಆ ಹೊಟೇಲಿನಲ್ಲಿ ಗ್ರಾಮೋಫೋನು ಒಳಗೆ ಗಲ್ಲೆಯ ಹತ್ತಿರ ಇತ್ತು. ಗುರುಗಳ ಚಹಾದ ಕಪ್ಪು ಹೊರಗಡೆ ಗೋಡೆಯ ಮಾಡದಲ್ಲಿ ಇತ್ತು. ಅದನ್ನು ತಾವೇ ತೆಗೆದುಕೊಂಡು ಮುಂದೆ ಹಿಡಿದರೆ ಮೇಲಿನಿಂದ ಚಹಾ ಸುರಿಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಮಾಡದಲ್ಲಿ ಇಡಬೇಕು. ಆ ಬಾಗಿಲನ್ನು ಅವರು ಒಮ್ಮೆಯೂ ದಾಟಿರಲಿಲ್ಲ.

"ಹಂಗಾರ ನಾ ಹೊರಗ ಕುಂತಿರತೇನಿ, ನನ್ನ ಹೆಸರ ಒಳಗ ಕುಂತಿರತೈತಿ," ಎಂದರು. ಆಮೇಲೆ ನಕ್ಕರು. "ಚಾ ಕುಡೀತೈತೋ ಇಲ್ಲೋ ನೋಡೋಣ."

ಮೂರು ನಿಮಿಷ ಎಂದರೆ ಎಷ್ಟು ಎಂಬ ಪ್ರಶ್ನೆ ಉಳಿಯಿತು. ಅಲ್ಲಿ ಯಾರ ಹತ್ತಿರವೂ ಗಡಿಯಾರ ಇರಲಿಲ್ಲ. ನನ್ನ ಗಡಿಯಾರ ಎಂದರೆ ಗಿರಣಿಯ ಕೂಗುವ ಭೋಂಗಾ, ಅದು ಪಾಳಿ ಹೇಳುತ್ತದೆ, ನಿಮಿಷ ಹೇಳುವುದಿಲ್ಲ. ಮೇಳದವರು ಪದವನ್ನು ನುಡಿಯಲ್ಲಿ ಅಳೆಯುತ್ತಾರೆ. ಗುರುಗಳೇ ತೀರ್ಮಾನ ಹೇಳಿದರು: "ಮೂರ ನಿಮಿಷ ಅಂದ್ರ ಒಂದ ಬೀಡಿ. ನಾ ಹಚ್ಚತೇನಿ, ನೀ ಹಾಡು. ಬೀಡಿ ಮುಗಿಯೂದ್ರಾಗ ಪದಾ ಮುಗೀಬೇಕು."

ಹೀಗೆ ನಾವು ಅಭ್ಯಾಸ ಮಾಡಿದೆವು. ಗುರುಗಳು ಬೀಡಿ ಹಚ್ಚುವುದು, ನಾನು "ಗೀಯ ಗೀಯ" ಎಂದು ಏರು ದನಿಯಲ್ಲಿ ಶುರು ಮಾಡುವುದು. ಮೊದಲು ಪದ ಉದ್ದವಾಯಿತು, ನುಡಿ ತೆಗೆದೆವು. ಕೊನೆಗೆ ಹೆಸರಿನ ನುಡಿ ಮುಗಿಯುವುದಕ್ಕೂ ಬೀಡಿ ಬೆರಳು ಸುಡುವುದಕ್ಕೂ ಸರಿ ಹೋಯಿತು. ಹಾಡು ಕೇಳುತ್ತ ಕೇಳುತ್ತ ಗುರುಗಳು ಬೀಡಿ ಎಳೆಯುವುದನ್ನೇ ಮರೆಯುತ್ತಿದ್ದರು. ಅದು ಆರಿ ಹೋಗುತ್ತಿತ್ತು. ನಾನು ಹಾಡುತ್ತಲೇ ಇರುವಾಗ ಒಲೆಯ ಕೆಂಡದಿಂದ ಮತ್ತೆ ಹಚ್ಚಿಕೊಳ್ಳುತ್ತಿದ್ದರು. ಇದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಜಗತ್ತಿನ ಎಲ್ಲದರ ಮೇಲೂ ಸಂಶಯ ಪಡುವ ನನಗೆ ಆ ಬೀಡಿಯ ಮೇಲೆ ಸಂಶಯ ಬರಲಿಲ್ಲ. ನನ್ನ ಚಿಂತೆಗಳು ಬೇರೆ ಇದ್ದವು. ರೈಲು ತಪ್ಪಿದರೆ? ಗಂಟಲು ಕಟ್ಟಿದರೆ? ಹಾಡುವಾಗ ಸೀನಿದರೆ ಆ ಸೀನು ಪ್ಲೇಟಿನಲ್ಲಿ ಕಾಯಂ ಉಳಿಯುತ್ತದೆಯೇ? ಮಳೆಯ ತಂಪಿಗೆ ದಪ್ಪಿನ ತೊಗಲು ಸಡಿಲಾದರೆ?

ಕೊನೆಯ ಚಿಂತೆ ಮಾತ್ರ ನಿಜವಾಯಿತು. ಹುಬ್ಬಳ್ಳಿಯಲ್ಲಿ ಮೂರು ದಿನದ ಮಳೆ. ದಪ್ಪು ಒದ್ದೆ ರೊಟ್ಟಿಯ ಹಾಗೆ ಸದ್ದು ಮಾಡುತ್ತಿತ್ತು. ಅಂಗಡಿಯೊಂದರ ಮಹಡಿಯ ಮೇಲೆ ಹಾಡು ತುಂಬಿಸುವ ಕೋಣೆ. ಅದರ ಹೊರಗಿನ ಪಡಸಾಲೆಯಲ್ಲಿ ನಾನು ಹಳೆಯ ಪೇಪರು ಸುಟ್ಟು ದಪ್ಪು ಕಾಯಿಸಿದೆ. ಮಶೀನಿನ ಸಾಹೇಬರು ಕೆಮ್ಮುತ್ತ ಓಡಿ ಬಂದರು. "ಅಲ್ರೀ, ಮನಿ ಸುಡಾಕ ಬಂದೀರೇನ್ ಹಾಡಾಕ ಬಂದೀರಿ?"

ಒಳಗೆ ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಕೌದಿಗಳನ್ನು ತೂಗು ಹಾಕಿದ್ದರು. ನಾನು, ನಮ್ಮ ಮೇಳದಲ್ಲಿ ತುಂತುಣಿಯ ತಂತಿ ಮೀಟುವ ಮುದುಕ, ತಾಳದವ, ಮೂವರೂ ಬೆವೆತೆವು. ಕೆಂಪು ದೀಪ ಹತ್ತಿದರೆ ಹಾಡಬೇಕು, ಆರಿದರೆ ನಿಲ್ಲಿಸಬೇಕು ಎಂದು ಹೇಳಿದರು. ಮೊದಲು ಬರೀ ಪರೀಕ್ಷೆ. ದೀಪ ಹತ್ತಿತು. ಹಾಡಿದೆ. ನಡುವಿನ ನುಡಿಯಲ್ಲೇ ದೀಪ ಆರಿತು. ಕರೆಂಟು ಹೋಯಿತೆಂದು ತಿಳಿದೆ.

"ವ್ಯಾಳ್ಯಾ ಮುಗೀತ್ರಿ," ಎಂದರು ಸಾಹೇಬರು. "ಇನ್ನೂ ಎಷ್ಟೈತಿ ನಿಮ್ಮ ಪದಾ?"

"ಅರ್ಧಾ," ಎಂದೆ. "ನಾವು ಬೀಡಿ ಹಚ್ಚಿ ನೋಡೇವ್ರಿ."

ಅವರು ನನ್ನ ಮುಖ ನೋಡಿದರು. ಅವರಿಗೆ ನಾನು ಹುಚ್ಚನೆಂದು ಖಾತ್ರಿಯಾಯಿತು. "ಅರ್ಧಾ ಕಡೀರಿ. ಈಗ ಹಾಡ ತುಂಬೂ ಖರೇ ತಟ್ಟಿ ಹಾಕತೇನಿ. ಇದು ಕೆಟ್ರ ಮತ್ತೊಂದಿಲ್ಲ. ಒಬ್ಬರಿಗೆ ಒಂದು, ಕಂಪನಿ ಹುಕುಂ."

ಎರಡು ನುಡಿ ಬಿಟ್ಟೆ. ಇನ್ನೂ ಬಿಟ್ಟರೆ ಸವಾಲೇ ಇರುವುದಿಲ್ಲ, ಅಕ್ಕ ಯಾವುದಕ್ಕೆ ಜವಾಬು ಹಾಡಬೇಕು? ಉಳಿದದ್ದನ್ನು ಜೋರಾಗಿ ಓಡಿಸೋಣ ಎಂದು ತುಂತುಣಿಯ ಮುದುಕನಿಗೆ ಹೇಳಿದೆ. "ಓಡಸಾಕ ತುಂತುಣಿ ಏನ ಕುದರಿ ಐತಿ?" ಎಂದ. ದೀಪ ಹತ್ತಿತು. ನಾನು ಓಡಿದೆ, ಅವನು ನಡೆದ. ಗೀಗೀ ಪದದಲ್ಲಿ ಒಬ್ಬನೇ ಓಡಲು ಬರುವುದಿಲ್ಲ, ನಾನೂ ನಡೆಯಬೇಕಾಯಿತು. ಸವಾಲು ಮುಗಿಯಿತು. ಹೆಸರಿನ ನುಡಿಗೆ ಬಂದೆ.

"ಮೂಡಲ ದಿಕ್ಕಿಗೆ ಮೂಡಲಗಿ ಊರ..."

ದೀಪ ಆರಿತು.

ನಾನು ನಿಲ್ಲಿಸಲಿಲ್ಲ. ಗುರುಗಳ ಹೆಸರನ್ನು ಪೂರ್ತಿ ಹಾಡಿದೆ, ಆಮೇಲೆ ನನ್ನದನ್ನೂ ಹಾಡಿದೆ. ತುಂತುಣಿಯೂ ತಾಳವೂ ಕೊನೆಯವರೆಗೆ ಬಂದವು. ಸಾಹೇಬರು ಗಾಜಿನ ಆಚೆ ಮಶೀನು ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಆ ಹೆಸರು ಕೌದಿಗಳಿಗೆ ಕೇಳಿಸಿತು. ಇನ್ನೊಂದು ತಟ್ಟೆ ಹಾಕಿರೆಂದು ಎಷ್ಟು ಬೇಡಿಕೊಂಡರೂ ಆಗುವುದಿಲ್ಲ ಎಂದರು.

ಆಗ ನನಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಚಿಂತೆ ಮಾಡುವವರ ಕಷ್ಟ ಇದು. ಎಲ್ಲವನ್ನೂ ಮೊದಲೇ ಅತ್ತು ಮುಗಿಸಿರುತ್ತೇವೆ, ನಿಜವಾಗಿ ಕೆಟ್ಟದ್ದು ನಡೆದಾಗ ಒಳಗೆ ಏನೂ ಉಳಿದಿರುವುದಿಲ್ಲ. ಕಾಲು ಜೋಮು ಹಿಡಿದಾಗ ಅದು ಯಾರದೋ ಕಾಲು ಎನಿಸುತ್ತದಲ್ಲ, ಹಾಗೆ ಇಡೀ ಮೈ.

ಹೊರಗೆ ಬೆಂಚಿನ ಮೇಲೆ ನಾಗೇಶಿಯ ಅಕ್ಕ ಗೋಡೆಯ ಗಡಿಯಾರ ನೋಡುತ್ತ ಕುಳಿತಿದ್ದಳು.

"ಏನಾತೋ ತಮ್ಮಾ?"

ಹೇಳಿದೆ. ಅವಳು ಸೆರಗು ಕಟ್ಟಿಕೊಂಡು ಎದ್ದಳು. ತನ್ನ ತಾಳದವನಿಗೆ, "ಹೆಸರಿನ ನುಡಿ ಮೊದಲ ಹಾಡೂದು," ಎಂದಳು.

"ಅಕ್ಕಾ, ಪದಾ ತಲಿಕೆಳಗ ಆಗತೈತಲ್ಲ," ಎಂದ ಅವನು.

"ಆಗವಲ್ದ್ಯಾಕ. ತಲಿ ಅಂತೂ ಇರತೈತಿ."

ಹಾಗೇ ಹಾಡಿದಳು. ಅವಳ ಗುರುವಿನ ಹೆಸರು ಮೊದಲ ನುಡಿಯಲ್ಲೇ ಪ್ಲೇಟಿಗೆ ಸೇರಿತು. ನನಗೆ ಅವಳ ಮೇಲೆ ಸಿಟ್ಟೂ ಬರಲಿಲ್ಲ.

ಮೂಡಲಗಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದು ಬಾಯಿ ತೆರೆದೆ. ಗುರುಗಳು ಕೈ ಅಡ್ಡ ಹಿಡಿದರು.

"ಹೇಳಬ್ಯಾಡ. ನಿನ್ನ ಬಾಯಾಗ ಬ್ಯಾಡ ನನಗ. ಪ್ಲೇಟಿನ ಬಾಯಾಗ ಕೇಳತೇನಿ."

"ಹಂಗಲ್ರಿ ಕಾಕಾ, ಅಲ್ಲಿ ಏನಾತಂದ್ರ..."

"ಏ, ಬ್ಯಾಡ ಅಂದ್ನೆಲ್ಲ! ಹೊಟ್ಯಾಗ ಇಟ್ಕೋ. ಕೇರಿ ಮಂದಿಗೆಲ್ಲಾ ಹೇಳೇನಿ, ಎಲ್ಲಾರೂ ಬರೂವ್ರ ಇದ್ದಾರ."

ಪ್ಲೇಟು ಬರುವವರೆಗೆ ನಾನು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಗಿರಣಿಯಲ್ಲಿ ಹಾಡುವುದನ್ನು ಬಿಟ್ಟೆ. ಯಾರೂ ಗಮನಿಸಲಿಲ್ಲ, ಹಾಡುತ್ತಿದ್ದಾಗಲೂ ಗಮನಿಸಿದವರಲ್ಲ.

ಹೊಟೇಲಿನ ಧಣಿ ಪ್ಲೇಟು ತರಿಸಿ, ಸಂತೆಯ ದಿನ ಮಧ್ಯಾಹ್ನ ಹಚ್ಚುತ್ತೇನೆಂದು ಹೇಳಿ ಕಳಿಸಿದರು. ಹಾಡಿದವನೆಂದು ನನ್ನನ್ನು ಒಳಗೆ ಗಲ್ಲೆಯ ಪಕ್ಕದಲ್ಲೇ ಕೂಡಿಸಿ ಕೈಗೆ ಚಹಾ ಕೊಟ್ಟರು. ಗುರುಗಳು ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಕಿಟಕಿಯ ಹೊರಗಿನ ಕಲ್ಲಿನ ಮೇಲೆ ಕುಳಿತಿದ್ದರು. ಅವರ ಹಿಂದೆ ಕೇರಿಯವರು ನಿಂತಿದ್ದರು. ಕಿಟಕಿಯ ಸರಳಿನ ನಡುವೆ ನನಗೆ ಅವರ ರುಮಾಲು, ಒಂದು ಕಿವಿ ಕಾಣುತ್ತಿದ್ದವು.

ಧಣಿ ಚಾವಿ ಕೊಟ್ಟು ಮುಳ್ಳು ಇಟ್ಟರು. ನನ್ನ ದನಿ ಬಂತು. ಎಮ್ಮೆ ಕಳೆದುಕೊಂಡವರ ದನಿಯೇ. ಎಲ್ಲರೂ ತಲೆಯಾಡಿಸಿದರು. ಸವಾಲಿಗೆ ಒಂದಿಬ್ಬರು ಭಲೇ ಎಂದರು. ಕೊನೆಗೆ "ಮೂಡಲ ದಿಕ್ಕಿಗೆ ಮೂಡಲಗಿ ಊರ" ಎಂದಾಗ ಊರಿನ ಹೆಸರು ಕೇಳಿ ಜನ ಹೋ ಎಂದು ಎದ್ದರು. ಅಷ್ಟರಲ್ಲಿ ಮುಳ್ಳು ಖರ್ ಖರ್ ಎನ್ನತೊಡಗಿತು. ಹೊರಗಿನ ಕಿವಿ ಅಲುಗಾಡಲಿಲ್ಲ. ಇನ್ನೂ ಕಾಯುತ್ತಿತ್ತು.

"ಮೂಡಲಗ್ಯಾಗ ಯಾರು? ಹೇಳಲೇ ಇಲ್ಲಲ್ಲ," ಎಂದು ಮೂಲೆಯಿಂದ ಯಾರೋ ಕೇಳಿದರು.

ಧಣಿ ನನ್ನ ಬೆನ್ನು ತಟ್ಟಿದರು. "ಭಾಳ ಶ್ಯಾಣ್ಯಾ ಅದಿ ನೋಡ ತಮ್ಮಾ. ಊರ ತನಕಾ ಬಂದು ಗಪ್ಪನ ನಿಂತಿ. ಊರಿಗೂ ಮರ್ಯಾದಿ, ನಿಮ್ಮ ಮನಿತನಕ್ಕೂ ಮರ್ಯಾದಿ."

"ನಾ ನಿಂತಿಲ್ರಿ," ಎಂದೆ. "ನಾ ಹಾಡೇನಿ. ಮಶೀನ ನಿಂತೈತಿ."

"ಓಹೋ! ಹಂಗಾರ ಮಶೀನಿಗೂ ಜಾತಿ ತಿಳೀತೈತಿ ಅನ್ರಿ!" ಎಂದರು ಮೂಲೆಯವರು. ಹೊಟೇಲು ತುಂಬಾ ನಗೆ. ನನ್ನ ಮಾತನ್ನು ಯಾರೂ ನಂಬಲಿಲ್ಲ. ಅದನ್ನು ಜಾಣತನವೆಂದು ಹೊಗಳುತ್ತಿದ್ದರು. ಅಪ್ಪನಿಗೂ ಹೀಗೇ ಸುದ್ದಿ ಮುಟ್ಟುತ್ತದೆ, ಅವನೂ ನನ್ನನ್ನು ಮೆಚ್ಚುತ್ತಾನೆ ಎಂದು ಹೊಳೆಯಿತು. ಕಿಟಕಿಯಲ್ಲಿ ಕಿವಿ ಹಾಗೇ ಇತ್ತು. ಎಲ್ಲವನ್ನೂ ಅದು ಕೇಳಿತ್ತು.

"ಧಣ್ಯಾರ, ಆ ಬಾಜೂ ಹಾಕ್ರಿ," ಎಂದು ಹೊರಗಿನಿಂದ ಗುರುಗಳ ದನಿ ಬಂತು.

ಹೆಸರು ಆ ಕಡೆ ಇರಬಹುದೆಂದು ಅವರು ತಿಳಿದಿದ್ದರು. ಧಣಿ ಪ್ಲೇಟು ತಿರುಗಿಸಿದರು. ಅಕ್ಕನ ದನಿ, ಅಕ್ಕನ ಊರು, ಅಕ್ಕನ ಗುರುವಿನ ಹೆಸರು. "ಹಂಗಾರ ಎರಡೂ ಪದಾ ಇವರ ಗುರುಂದೇನು?" ಎಂದು ಯಾರೋ ಕೇಳಿದರು. "ಇದ್ದೀತು," ಎಂದರು ಇನ್ನೊಬ್ಬರು. ನನ್ನ ಮೇಲೆ ನನಗೇ ಏನಾದರೂ ಅನಿಸಲಿ ಎಂದು ಕಾದೆ. ಚಹಾದ ಲೋಟ ಕೈ ಸುಡುತ್ತಿತ್ತು, ಅದಷ್ಟು ತಿಳಿಯುತ್ತಿತ್ತು.

ಅಕ್ಕನ ಪದ ಮುಗಿಯಿತು. ಗುರುಗಳು ಎದ್ದು ಕಿಟಕಿಯ ಹತ್ತಿರ ಬಂದರು. ಪೂರ್ತಿ ಮುಖ ಕಂಡದ್ದು ಆಗಲೇ. ಆ ಮುಖದಲ್ಲಿ ಓದಲು ಏನೂ ಇರಲಿಲ್ಲ.

"ಇನ್ನೊಮ್ಮೆ ಈತಂದು ಹಚ್ರಿ ಧಣ್ಯಾರ."

"ಮತ್ತ ಹಚ್ಚಿದ್ರ ಮತ್ತ ಅಲ್ಲೇ ನಿಂದರತೈತಿ," ಎಂದರು ಧಣಿ. ಆದರೂ ಹಚ್ಚಿದರು.

ಗುರುಗಳು ಬೀಡಿ ತೆಗೆದು, ಮುಳ್ಳು ಪ್ಲೇಟಿನ ಮೇಲೆ ಬಿದ್ದ ಕೂಡಲೇ ಕಡ್ಡಿ ಗೀರಿದರು. ಕಿಟಕಿಯ ಬಳಿ ನಿಂತೇ ಸೇದಿದರು. ಈ ಸಲ ಮರೆಯಲಿಲ್ಲ, ಆರಲು ಬಿಡಲಿಲ್ಲ, ಒಂದೇ ಸಮ ಎಳೆಯುತ್ತಿದ್ದರು. ಅವರು ನನ್ನ ಹಾಡನ್ನು ಕೇಳದೆ ಇದ್ದದ್ದು ಅದೊಂದೇ ಸಲ. ಕಣ್ಣು ಬೀಡಿಯ ತುದಿಯ ಮೇಲಿತ್ತು. ಸವಾಲು ಮುಗಿಯಿತು, "ಮೂಡಲಗಿ ಊರ" ಬಂತು, ಮುಳ್ಳು ಖರ್ ಎಂದಿತು. ಗುರುಗಳು ಬೀಡಿಯನ್ನು ಸರಳಿನ ಸಂದಿನಿಂದ ಒಳಗೆ ಚಾಚಿ ನನ್ನ ಕಣ್ಣ ಮುಂದೆ ಹಿಡಿದರು.

"ಗಿರಣಿ ಸಾವ್ಕಾರ, ಇಲ್ನೋಡು. ಇನ್ನೂ ಅರ್ಧಾ ಐತಿ."

ನಾನು ನೋಡಿದೆ.

"ನೀ ಏನೂ ನಿಂತಿಲ್ಲ. ನನ್ನ ಬೀಡಿ ಉದ್ದಾಗಿತ್ತು."

ಇದನ್ನು ಅವರು ಸಣ್ಣ ದನಿಯಲ್ಲಿ ಹೇಳಲಿಲ್ಲ. ಗಲ್ಲೆಯವರೆಗೆ, ಮೂಲೆಯವರೆಗೆ ಕೇಳುವಂತೆ, ಕೆಮ್ಮು ತಡೆದುಕೊಂಡು ಹೇಳಿದರು. ಒಳಗಿದ್ದವರಿಗೆ ಯಾರಿಗೂ ಅರ್ಥವಾಗಲಿಲ್ಲ. ಧಣಿ, ಸರಳು ದಾಟಿ ಒಳಗೆ ಬಂದ ಗುರುಗಳ ಬೆರಳುಗಳನ್ನು ನೋಡುತ್ತಿದ್ದರು. ಗುರುಗಳು ಕೈ ಹಿಂದೆ ತೆಗೆದುಕೊಂಡು, ಬೀಡಿ ಆರಿಸಿ, ಉಳಿದ ಅರ್ಧವನ್ನು ಕಿವಿಯ ಮೇಲೆ ಸಿಕ್ಕಿಸಿದರು.

"ಆ ನಾಗೇಶಿ ಹೆಣ್ಮಗಳು ಸರಿ ಮಾಡ್ಯಾಳ. ನೀನೂ ಇನ್ನ ಮ್ಯಾಲ ಹೆಸರ ಮೊದಲ ಹಾಡಿ ಬಿಡು. ಆಮ್ಯಾಲ ಮಶೀನ ಎಲ್ಲಿ ಬೇಕಾದಲ್ಲಿ ನಿಲ್ಲವಲ್ದ್ಯಾಕ."

ಕೇರಿಯವರ ನಡುವೆ ದಾರಿ ಮಾಡಿಕೊಂಡು ಹೊರಟರು. ಮಾಡದಲ್ಲಿದ್ದ ತಮ್ಮ ಕಪ್ಪನ್ನು ಆ ದಿನ ಅವರು ಮುಟ್ಟಲಿಲ್ಲ. ನನ್ನ ಚಹಾದ ಮೇಲೆ ಕೆನೆ ಕಟ್ಟಿತ್ತು. ಬೆರಳಿನಿಂದ ಅದನ್ನು ಬದಿಗೆ ಸರಿಸಿ, ಎದ್ದು, ಲೋಟ ಹಿಡಿದುಕೊಂಡೇ ಹೊರಗೆ ಹೋಗಿ ಅವರು ಕುಳಿತಿದ್ದ ಕಲ್ಲಿನ ಮೇಲೆ ಕುಳಿತು ಕುಡಿದೆ. ಕಲ್ಲು ಬೆಚ್ಚಗಿತ್ತು. ಚಹಾಕ್ಕೆ ಸಕ್ಕರೆ ಹಾಕಿದ್ದರೋ ಇಲ್ಲವೋ, ಈಗಲೂ ಹೇಳಲಾರೆ.

ಕಂಪನಿಯವರು ಮತ್ತೆ ನನ್ನನ್ನು ಕರೆಯಲಿಲ್ಲ.